ಅರಿಶಿಣ ಕುಂಕುಮಕ್ಕೆ ಕರೆಯಲು ಹೋದ ಹುಡುಗಿ

ಪುಣೆಯ ಸ್ಟೇಶನ್ನಿನಲ್ಲಿ ಇಳಿದು ಟಾಂಗಾ ಹತ್ತಿದ ಮೇಲೆ ನನ್ನ ಮಗಳು ಕೇಳಿದ ಮೊದಲ ಪ್ರಶ್ನೆ, ಇಲ್ಲಿ ಸಮುದ್ರ ಎಲ್ಲಿದೆ ಎಂಬುದು. ಇಲ್ಲ ಎಂದೆ. ಹಾಗಾದರೆ ಟ್ರಾಮು? ಅದೂ ಇಲ್ಲ ಎಂದೆ. ಅವಳು ಕುದುರೆಯ ಬೆನ್ನನ್ನು ನೋಡುತ್ತ, “ಮತ್ತ ಇಲ್ಲೇನದ ಅಪ್ಪಾ?” ಎಂದಳು. ನಾನು ಹುಟ್ಟಿ ಬೆಳೆದ ಊರಿನ ಪರವಾಗಿ ಐದು ವರ್ಷದ ಕೂಸಿನ ಎದುರು ಸಾಕ್ಷಿ ಹೇಳಬೇಕಾದೀತೆಂದು ಎಣಿಸಿರಲಿಲ್ಲ. ಪರ್ವತಿ ಗುಡ್ಡ ಇದೆ, ನದಿ ಇದೆ, ನಿನ್ನ ದೊಡ್ಡಪ್ಪ ದೊಡ್ಡವ್ವ ಇದ್ದಾರೆ ಎಂದೆ. ಗುಡ್ಡ ಎಷ್ಟು ಅಂತಸ್ತಿನದು ಎಂದು ಕೇಳಿದಳು. ಮುಂಬಯಿಯ ಕೂಸು, ಅದಕ್ಕೆ ಎತ್ತರವೆಂದರೆ ಅಂತಸ್ತು. ಟಾಂಗಾದವನು ಹಿಂದಿರುಗಿ ನೋಡಿ ನಕ್ಕ. ನನಗೆ ನಗು ಬರಲಿಲ್ಲ, ಏಕೆಂದರೆ ನಾನು ಆ ಸಲ ಊರು ತೋರಿಸಲಿಕ್ಕೆಂದು ಬಂದಿರಲಿಲ್ಲ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ. ನಮ್ಮ ತಂದೆ ಧಾರವಾಡದ ಕಡೆಯಿಂದ ಬಂದು ಬುಧವಾರ ಪೇಟೆಯ ಅರಿವೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ನಂತರ ಅದೇ ಗಾದಿಯ ಮೇಲೆ ಅಣ್ಣ ಕೂತ. ನಾನು ಮುಂಬಯಿಗೆ ಹೋಗಿ ಒಂದು ಹತ್ತಿ ಕಂಪನಿಯಲ್ಲಿ ಕಾರಕೂನನಾದೆ, ಮದುವೆಯಾದೆ, ಗಿರಗಾಂವಿನ ಚಾಳಿನಲ್ಲಿ ಒಂದು ಕೋಣೆ ಹಿಡಿದೆ. ಹಿಂದಿನ ಮಳೆಗಾಲದಲ್ಲಿ ವಿಷಮಜ್ವರ ಬಂದು ಹೆಂಡತಿ ತೀರಿಕೊಂಡಳು. ಹದಿಮೂರನೆಯ ದಿನದ ಊಟವಾದ ಮೇಲೆ ಅಣ್ಣ ನನ್ನನ್ನು ಗ್ಯಾಲರಿಗೆ ಕರೆದುಕೊಂಡು ಹೋಗಿ, ಹುಡುಗಿಯನ್ನು ನಮ್ಮ ಕಡೆ ಬಿಡು ಎಂದ. ಅವನಿಗೂ ನಾನು ವೈನಿ ಎಂದು ಕರೆಯುವ ಅತ್ತಿಗೆಗೂ ಮಕ್ಕಳಿಲ್ಲ. ನೋಡೋಣ ಎಂದೆ. ಆ ‘ನೋಡೋಣ’ವನ್ನು ಚೈತ್ರದವರೆಗೆ ಎಳೆದು, ಆಮೇಲೆ ಒಂದು ವಾರದ ರಜೆ ಹಾಕಿ ಹೊರಟು ಬಂದಿದ್ದೆ. ಬಿಟ್ಟು ಹೋಗುತ್ತೇನೋ, ಕರೆದುಕೊಂಡೇ ಹೋಗುತ್ತೇನೋ ನನಗೇ ಗೊತ್ತಿರಲಿಲ್ಲ. ಅಣ್ಣ ಕೇಳಲಿಲ್ಲ, ವೈನಿಯೂ ಕೇಳಲಿಲ್ಲ. ಕೇಳಿದ್ದರೆ ಸಿಟ್ಟು ಮಾಡಿ ಮರುದಿನವೇ ಹೊರಡುವ ಸುಖವಾದರೂ ನನಗೆ ಸಿಗುತ್ತಿತ್ತು.

ನಮ್ಮ ವಾಡೆ ಹಾಗೇ ಇತ್ತು. ನಡುವೆ ಕಲ್ಲು ಹಾಸಿದ ಚೌಕ, ಅದರ ಮೂಲೆಗೆ ನೀರಿನ ತೊಟ್ಟಿ, ಸುತ್ತಲೂ ಬಾಡಿಗೆಯವರ ಮನೆಗಳು, ಮೇಲೆ ನಮ್ಮ ಎರಡು ಕೋಣೆ. ಆದರೆ ಎಲ್ಲವೂ ನನ್ನ ಲೆಕ್ಕಕ್ಕಿಂತ ಚಿಕ್ಕದಾಗಿತ್ತು. ಮೆಟ್ಟಿಲು ಹತ್ತುವಾಗ ತಲೆ ಬಗ್ಗಿಸಬೇಕೆಂಬುದನ್ನು ಮರೆತು ಹಣೆ ಬಡಿಸಿಕೊಂಡೆ. ವೈನಿ ಒಳಗಿನಿಂದ ಓಡಿ ಬಂದು ನನ್ನ ಹಣೆ ನೋಡಲಿಲ್ಲ, ಹುಡುಗಿಯನ್ನು ನೋಡಿದರು. ಎತ್ತಿಕೊಳ್ಳಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ದೂರ ನಿಂತು, ಕಾಲು ತೊಳೆದುಕೊಳ್ಳಲು ನೀರು ಇಟ್ಟಿದ್ದೇನೆಂದರು. ಅಷ್ಟು ಹಿಡಿತದಿಂದ ನಿಂತವರನ್ನು ಕಂಡು ನನಗೆ ಇನ್ನಷ್ಟು ಭಯವಾಯಿತು.

ಮೊದಲ ಎರಡು ಮೂರು ದಿನ ನಾನೂ ಅಣ್ಣನೂ ಊಟಕ್ಕೆ ಕೂತಾಗಲೆಲ್ಲ ಊರೂರಿಗೆ ಜಗಳ. ಮುಂಬಯಿಯ ಹವೆಯಲ್ಲಿ ಉಪ್ಪು, ಹಾಲಿನಲ್ಲಿ ನೀರು, ಮಕ್ಕಳೆಲ್ಲ ಸಂಡಿಗೆಯ ಹಾಗೆ ಒಣಗಿರುತ್ತವೆ ಎಂದು ಅವನು. ಪುಣೆಯವರು ನಿದ್ದೆ ಮಾಡಿದ ಮೇಲೆ ಉಳಿದ ಹೊತ್ತಿನಲ್ಲಿ ಇನ್ನೊಬ್ಬರ ಮಾತು ತಿದ್ದುತ್ತಾರೆ ಎಂದು ನಾನು. ಮುಂಬಯಿಯಲ್ಲಿ ಬಗಲಿಗೆ ಕೂತವನು ಯಾರು, ಯಾವ ಜಾತಿ ಎಂದು ಟ್ರಾಮಿನಲ್ಲಿ ಒಬ್ಬರೂ ಕೇಳುವುದಿಲ್ಲ. ಇಲ್ಲಿ ಹಾಲು ತರಲು ಹೋದರೆ ಅಜ್ಜನ ಊರಿನತನಕ ಹೇಳಬೇಕು. ಅಣ್ಣ ಬಿಡುತ್ತಿರಲಿಲ್ಲ. ಕೇಳುವುದಿಲ್ಲ ಅಂದರೆ ನೀನು ಸತ್ತರೂ ಕೇಳುವುದಿಲ್ಲ ಅಂತ ತಿಳಿ ಎಂದ. ಮಾತು ಬಾಯಿಂದ ಬಿದ್ದ ಮೇಲೆ ತಾನೇ ಮುಖ ಸಪ್ಪಗೆ ಮಾಡಿಕೊಂಡು ಎಲೆಯತ್ತ ಬಗ್ಗಿದ.

ಅವನ ಮಾತು ಪೂರ್ತಿ ಸುಳ್ಳು. ನನ್ನ ಹೆಂಡತಿ ಹೋದ ದಿನ ಚಾಳಿನ ಮೂರೂ ಮಾಳಿಗೆಯವರು ಇಳಿದು ಬಂದಿದ್ದರು. ಪಕ್ಕದ ಕೋಣೆಯ ಕೊಂಕಣಿ ಬಾಯಿ ತಿಂಗಳುಗಟ್ಟಲೆ ನನ್ನ ಮಗಳಿಗೆ ಉಣ್ಣಿಸಿದ್ದರು. ಬೆಳಗಿನ ಜಾವ ನಲ್ಲಿ ಬರುವ ಹೊತ್ತಿಗೆ ನಾನು ಎದ್ದು ನೀರು ತುಂಬಿ, ಕೂಸಿಗೆ ಸ್ನಾನ ಮಾಡಿಸಿ, ಅನ್ನ ಇಳಿಸಿ, ಅವಳ ಜಡೆಯೆಂಬ ಒಂದು ಗಂಟನ್ನು ಕಟ್ಟಿ, ಆ ಬಾಯಿಯ ಬಾಗಿಲಲ್ಲಿ ಕೂರಿಸಿ ಆಫೀಸಿಗೆ ಓಡುತ್ತಿದ್ದೆ. ಸಂಜೆ ತಿರುಗಿ ಬರುವಾಗ ಅವಳು ಗ್ಯಾಲರಿಯ ಕಟಕಟೆ ಹಿಡಿದು ನಿಂತಿರುತ್ತಿದ್ದಳು. ಕೆಳಗೆ ಬೀದಿಯಲ್ಲಿ ನಾನು ಕಂಡ ಕೂಡಲೇ ಕೂಗುತ್ತಿರಲಿಲ್ಲ, ಕೈ ಬೀಸುತ್ತಿರಲಿಲ್ಲ, ಸುಮ್ಮನೆ ಒಳಗೆ ಹೋಗಿ ನಮ್ಮ ಕೋಣೆಯ ಬೀಗದ ಹತ್ತಿರ ನಿಲ್ಲುತ್ತಿದ್ದಳು. ನಾವು ಇಬ್ಬರೂ ಆ ಬೀಗ ತೆಗೆಯುವ ಗಳಿಗೆಗಾಗಿಯೇ ದಿನ ಕಳೆಯುತ್ತಿದ್ದೆವೆಂದು ಅಣ್ಣನಿಗೆ ಹೇಗೆ ಹೇಳುವುದು? ಹೇಳಿದ್ದರೆ ಅದನ್ನೂ ಅವನು ತನ್ನ ಕಡೆಯ ವಾದಕ್ಕೇ ಜಮಾ ಮಾಡಿಕೊಳ್ಳುತ್ತಿದ್ದ.

ಪುಣೆಯ ಮಧ್ಯಾಹ್ನ ನನಗೆ ತೀರ ಹೊಸದೆಂಬಂತಾಯಿತು. ಊಟವಾದ ಕೂಡಲೇ ವಾಡೆಯ ದೊಡ್ಡ ಬಾಗಿಲು ಹಾಕುತ್ತಿದ್ದರು. ಎಲ್ಲ ಮನೆಗಳಲ್ಲೂ ಚಾಪೆ ಬೀಳುತ್ತಿದ್ದವು. ಆ ಹೊತ್ತಿಗೆ ಬಾಗಿಲು ತಟ್ಟಿದವನು ದೇವರೇ ಆಗಿದ್ದರೂ ಬೈಸಿಕೊಂಡು ಹೋಗಬೇಕು. ನನ್ನ ಮಗಳಿಗೆ ಮಧ್ಯಾಹ್ನದ ನಿದ್ದೆಯ ರೂಢಿಯಿರಲಿಲ್ಲ. ಮೊದಲ ದಿನ ಮೆಟ್ಟಿಲಿನ ತುದಿಯಲ್ಲಿ ಒಬ್ಬಳೇ ಕೂತು ಮುಚ್ಚಿದ ಬಾಗಿಲನ್ನು ನೋಡುತ್ತಿದ್ದಳು. ಯಾರ ದಾರಿ ನೋಡುತ್ತಿ, ನಾನು ಇಲ್ಲೇ ಇದ್ದೇನಲ್ಲ ಎಂದೆ. ಗೊತ್ತದ ಎಂದಳು. ಎದ್ದು ಬರಲಿಲ್ಲ. ವೈನಿ ತಮ್ಮ ಚಾಪೆಯನ್ನು ಎತ್ತಿಕೊಂಡು ಬಂದು ಮೆಟ್ಟಿಲಿನ ಬಾಯಿಗೇ ಹಾಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಕರೆಯಲಿಲ್ಲ. ಮೂರನೆಯ ದಿನ ನಾನು ನೋಡಿದಾಗ ಹುಡುಗಿ ಅದೇ ಚಾಪೆಯ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಆವತ್ತು ಮಧ್ಯಾಹ್ನವೆಲ್ಲ ನಾನೊಬ್ಬನೇ ಎಚ್ಚರವಾಗಿದ್ದೆ. ಇಡೀ ವಾಡೆಯಲ್ಲಿ ಮನುಷ್ಯರ ಸದ್ದಿಲ್ಲ. ಬೇಡದ ಸಾಮಾನನ್ನು ಅಟ್ಟಕ್ಕೆ ಹಾಕಿದ ಹಾಗೆ ನಾನು ಮೇಲಿನ ಕೋಣೆಯಲ್ಲಿ ಕೂತಿದ್ದೆ.

ವಾರದ ಕೊನೆಗೆ ವೈನಿ ಚೈತ್ರ ಗೌರಿಯ ಅರಿಶಿಣ ಕುಂಕುಮ ಇಟ್ಟುಕೊಂಡರು. ಆ ತಿಂಗಳು ಪುಣೆಯಲ್ಲಿ ಒಂದೊಂದು ಮನೆ ಒಂದೊಂದು ದಿನ ಹಿಡಿದು ಗೌರಿಯನ್ನು ತೊಟ್ಟಿಲಲ್ಲಿ ಕೂಡಿಸಿ, ಸಂಜೆಗೆ ಮುತ್ತೈದೆಯರನ್ನು ಕರೆಯುತ್ತದೆ. ಮಾವಿನಕಾಯಿ ಹೆರೆದು ಹಾಕಿದ ಕಡಲೆಬೇಳೆ ಕೋಸಂಬರಿ, ಪಾನಕ, ಉಡಿಗೆ ನೆನೆದ ಕಡಲೆ, ಮುಂಗೈಗೆ ಅತ್ತರು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ಕರೆಯಲು ಹೋಗುವವರು ಮನೆಯ ಚಿಕ್ಕ ಹೆಣ್ಣುಮಕ್ಕಳು. ಹೊಸ ಲಂಗ ತೊಟ್ಟು ಬಾಗಿಲು ಬಾಗಿಲಿಗೆ ನಿಂತು, ಉಸಿರು ಬಿಡದೆ ಒಂದೇ ಮಾತು ಹೇಳಿ ಓಡುತ್ತಾರೆ. ವೈನಿಯ ಮನೆಯಲ್ಲಿ ಹೆಣ್ಣು ಕೂಸು ಇರಲಿಲ್ಲವಾದ್ದರಿಂದ ಇಷ್ಟು ವರ್ಷ ಕೆಳಗಿನ ಮನೆಯ ಹುಡುಗಿಯರನ್ನು ಕೇಳಿಕೊಂಡು ಕಳಿಸುತ್ತಿದ್ದರು. ಅವರು ಹೋಗಿ, ಮೇಲಿನ ಕಾನಡಿ ಕಾಕು, ಅಂದರೆ ಕನ್ನಡದ ಕಾಕಿ, ಕರೆದಿದ್ದಾರೆ ಎಂದು ಮರಾಠಿಯಲ್ಲಿ ಹೇಳುತ್ತಿದ್ದರಂತೆ. ಇದನ್ನು ಅಣ್ಣ ನನಗೆ ನಗುತ್ತ ಹೇಳಿದ್ದ. ನಗುವ ಮಾತೇ ಎಂದು ನಾನೂ ನಕ್ಕಿದ್ದೆ.

ಆ ಸಂಜೆ ವೈನಿ ನನ್ನ ಮಗಳ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದು, ಅಬ್ಬಲಿಗೆ ಮುಡಿಸಿದರು. ನನ್ನ ಕೈಯ ಗಂಟನ್ನು ಎಂಟು ತಿಂಗಳಿಂದ ಹೊತ್ತ ತಲೆ ಅದು. ಕೆಳಗಿನ ಮನೆಯ ಅಕ್ಕತಂಗಿಯರು ಅವಳನ್ನು ನಡುವೆ ಹಾಕಿಕೊಂಡು ಹೊರಟರು. ನಾನೂ ಅಣ್ಣನೂ ಚೌಕದ ಕಟ್ಟೆಯ ಮೇಲೆ ಕೂತಿದ್ದೆವು. ಮೊದಲ ಬಾಗಿಲು ನಮ್ಮ ಎದುರಿನದೇ. ಅವಳ ಮರಾಠಿ ಮುಂಬಯಿಯದು, ಅದಕ್ಕೆ ಹಿಂದಿಯೂ ಗುಜರಾತಿಯೂ ಹತ್ತಿಕೊಂಡಿರುತ್ತಿತ್ತು. ಹಿಂದಿನ ದಿನವೇ ಈ ಮಕ್ಕಳು ಅದನ್ನು ಅಣಕಿಸಿ ನಕ್ಕಿದ್ದರು. ಈಗ ತೊದಲುತ್ತಾಳೆಂದೇ ನಾನು ಕಾದು ಕೂತಿದ್ದೆ. ಅವಳು ತೊದಲಲಿಲ್ಲ. ಹುಡುಗಿಯರು ಹೇಳಿಕೊಟ್ಟ ಮಾತನ್ನು, ಅವರು ತಮ್ಮ ಮನೆಗೆ ಕರೆಯುವಾಗ ಹೇಳುವ ಮಾತನ್ನೇ, ಗಟ್ಟಿಯಾಗಿ ಹೇಳಿದಳು.

“ಆಯೀನೆ ಬೋಲಾವಲಯ.”

ಅವ್ವ ಕರೆದಿದ್ದಾಳೆ. ಪುಣೆಯ ಎಲ್ಲ ಹುಡುಗಿಯರೂ ಎಲ್ಲ ಬಾಗಿಲಲ್ಲೂ ಹೇಳುವುದು ಅದೇ ಮಾತು. ಎದುರು ಮನೆಯಾಕೆ ಬಾಗಿಲಲ್ಲಿ ಬಂದು ನಿಂತು, ಯಾರವ್ವ ಎಂದು ಕೇಳಿದರು. ಮಗಳು ತಲೆ ಎತ್ತಿ ಮೇಲಿನ ಕಿಟಕಿಯತ್ತ ಬೆರಳು ತೋರಿಸಿದಳು. ಆ ಹೆಂಗಸಿನ ಮುಖ ಅರಳಿತು. ನನ್ನತ್ತ ಒಮ್ಮೆ, ಅಣ್ಣನತ್ತ ಒಮ್ಮೆ ನೋಡಿ, ಬಂದೆ ಬಂದೆ ಎಂದು ಹೇಳಿ ಸೀರೆ ಉಡಲು ಒಳಗೆ ಹೋದರು. ಮಕ್ಕಳು ಮುಂದಿನ ಬಾಗಿಲಿಗೆ ಓಡಿದರು. ಅಲ್ಲಿಯೂ ಅದೇ ಮಾತು, ಅದರಾಚೆಯೂ ಅದೇ. ನಾನು ಕೂತಲ್ಲಿಂದ ಏಳಲಿಲ್ಲ. ಹೋಗಿ ಕೂಸಿನ ಬಾಯಿ ಮುಚ್ಚುವುದೇ? ನಿನ್ನ ಅವ್ವ ಇಲ್ಲ, ಹಾಗೆ ಹೇಳಬೇಡ ಎಂದು ಮಂದಿಯ ಎದುರು ಹೇಳುವುದೇ? ಅಣ್ಣ ಕೆಮ್ಮಿದ. ತಪಕೀರಿನ ಡಬ್ಬಿ ತೆಗೆದು, ಮೂಗಿಗೆ ಏರಿಸದೆ ಹಾಗೇ ಮುಚ್ಚಿದ.

ಆ ಸಂಜೆ ಬಂದಷ್ಟು ಹೆಂಗಸರು ಹಿಂದೆ ಯಾವ ವರ್ಷವೂ ಬಂದಿರಲಿಲ್ಲವಂತೆ. ಪುಣೆಯಲ್ಲಿ ಸುದ್ದಿಗೆ ಟ್ರಾಮು ಬೇಕಾಗುವುದಿಲ್ಲ. ಕಾನಡಿ ಕಾಕು ಕೂಸನ್ನು ದತ್ತಕ ತಗೊಂಡಿದ್ದಾರೆ ಎಂಬುದು ದೀಪ ಹಚ್ಚುವ ಮೊದಲೇ ಮೂರು ಗಲ್ಲಿ ದಾಟಿತ್ತು. ನಾವಿಬ್ಬರು ಕೆಳಗೆ ಕೂತವರು, ತೆರೆದ ಕಿಟಕಿಯಿಂದ ಒಂದೊಂದೇ ಮಾತು ನಮ್ಮ ಮೇಲೆ ಬೀಳುತ್ತಿತ್ತು. ಒಬ್ಬರು ಕೂಸಿನ ಮೂಗು ವೈನಿಯ ಹಾಗೇ ಇದೆ ಎಂದರು. ಇನ್ನೊಬ್ಬರು, ಗೌರಿ ತಡ ಮಾಡಿದರೂ ಕಣ್ಣು ತೆರೆದಳು ಎಂದರು. ಪ್ರತಿ ಸಲವೂ ನಾನು ಕಿವಿಗೊಟ್ಟು ಕೇಳಿದೆ: ಈಗ ವೈನಿ ಹೇಳುತ್ತಾರೆ, ಅಲ್ಲರೀ, ಇದು ನಮ್ಮ ಮೈದುನನ ಮಗಳು, ನಾಲ್ಕು ದಿನ ಇರಲಿಕ್ಕೆ ಬಂದದ್ದು ಎಂದು. ವೈನಿಯ ದನಿಯೇ ಕೇಳಲಿಲ್ಲ. ನನ್ನ ಹೆಂಡತಿ ಎರಡನೆಯ ಸಲ ಸತ್ತ ಹಾಗಾಯಿತು. ಆ ಕೋಣೆಯಲ್ಲಿ ಅಷ್ಟು ಹೆಂಗಸರಿದ್ದರು, ಒಬ್ಬರ ಬಾಯಲ್ಲೂ ಅವಳ ಸುದ್ದಿ ಬರಲಿಲ್ಲ. ಅವಳನ್ನು ನೆನೆಸಲಿಕ್ಕೆ ಈ ಊರಲ್ಲಿ ನಾನೊಬ್ಬನೇ ಉಳಿದೆ ಎಂದು ನನಗೆ ಅಳು ಬಂತು, ಸಿಟ್ಟೂ ಬಂತು.

ಎಲ್ಲರೂ ಹೋದ ಮೇಲೆ ಮೇಲೆ ಹೋದೆ. ವೈನಿ ಪಾನಕದ ಭಾಂಡೆಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ನಾಳೆ ಮಧ್ಯಾಹ್ನದ ಗಾಡಿಗೆ ನಾವು ಹೊರಡುತ್ತೇವೆ ಎಂದೆ. ‘ನಾವು’ ಎಂಬುದನ್ನು ಒತ್ತಿ ಹೇಳಿದೆ. ಅವರು ಭಾಂಡೆ ಕೆಳಗಿಟ್ಟರು. ಪುಣೆಯ ರೂಢಿಯಂತೆ ಮೈದುನನಾದ ನನ್ನನ್ನು ಭಾವೋಜಿ ಎಂದು ಕರೆಯುತ್ತಿದ್ದರು.

“ನಾ ಹೇಳಿಕೊಟ್ಟ ಮಾತಲ್ಲರಿ ಅದು, ಭಾವೋಜಿ. ಗೌರಿ ಮುಂದ ನಿಂತು ಹೇಳ್ತೀನಿ. ಆದ್ರ ಮಂದಿ ಕೇಳಿದಾಗ ಅಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಇಷ್ಟು ವರ್ಷ ಮಂದಿ ಮನಿ ಹುಡುಗ್ಯಾರನ್ನ ಬೇಡಿಕೊಂಡು ಕಳಸೀನಿ. ಇವತ್ತೊಂದು ದಿನ ಹಂಗ ಇರಲಿ ಅಂತ ಸುಮ್ಮನ ಕೂತೆ. ನೀವು ಕರಕೊಂಡು ಹೋಗ್ರಿ, ನಾ ಏನೂ ಅನ್ನೂದಿಲ್ಲ.”

ಅಷ್ಟು ವರ್ಷದಲ್ಲಿ ಅವರು ನನ್ನ ಎದುರು ಆಡಿದ ಅತಿ ದೀರ್ಘ ಮಾತು ಅದು. ನಾನು ಒಳಗೆ ಹೋದೆ. ಬೈಯಬೇಕೆಂದು ಮೆಟ್ಟಿಲು ಹತ್ತಿದವನಿಗೆ ಬೈಯಲು ಯಾರೂ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ನದಿಯ ಕಡೆ ನಡೆದೆ. ನನ್ನ ವಕಾಲತ್ತು ನಾನೇ ಮಾಡಬೇಕಿತ್ತು, ಅದಕ್ಕೆ ಅಣ್ಣನ ಮನೆ ಬೇಡವಾಗಿತ್ತು. ದಾರಿಯುದ್ದ ಮುಂಬಯಿಯ ಮಾತೇ ಆಡಿದೆ. ಚೌಪಾಟಿಯ ಮರಳು, ಭೇಳಪುರಿ, ಟ್ರಾಮಿನ ಮೇಲಿನ ಮಾಳಿಗೆಯಲ್ಲಿ ಮುಂದಿನ ಸೀಟು, ದೀಪಾವಳಿಗೆ ಫೋರ್ಟಿನ ಕಡೆ ಹಾಕುವ ವಿದ್ಯುತ್ ದೀಪಗಳು. ಈ ನದಿಯಲ್ಲಿ ಬೇಸಿಗೆಗೆ ಮೊಣಕಾಲಿನಷ್ಟು ನೀರೂ ಇಲ್ಲ ನೋಡು ಎಂದೆ. ನನ್ನ ಊರನ್ನು ನನ್ನ ಬಾಯಿಂದಲೇ ಅಷ್ಟು ಕೀಳು ಮಾಡಿ ನಾನು ಯಾವತ್ತೂ ಮಾತಾಡಿರಲಿಲ್ಲ. ಅವಳು ಎಲ್ಲಕ್ಕೂ ಹೂಂ ಎನ್ನುತ್ತಿದ್ದಳು. ಕಡೆಗೆ ಕಲ್ಲಿನ ಮೇಲೆ ಕೂರಿಸಿ, ನಿನಗೆ ಯಾವ ಊರು ಬೇಕು ಎಂದು ನೇರ ಕೇಳಿಬಿಟ್ಟೆ. ಅವಳಿಗೆ ಪ್ರಶ್ನೆಯಲ್ಲಿ ಏನೂ ಕಷ್ಟ ಕಾಣಲಿಲ್ಲ.

“ಮುಂಬೈ ಚಲೋ ಅದ ಅಪ್ಪಾ. ಆದ್ರ ಇಲ್ಲೆ ದೊಡ್ಡವ್ವ ಮಧ್ಯಾಹ್ನ ಮನ್ಯಾಗ ಇರ್ತಾಳ.”

ಸಮುದ್ರವನ್ನೂ ಟ್ರಾಮನ್ನೂ ತಂದು ನಾನು ಒಂದು ಕಡೆ ಹಾಕಿದ್ದೆ. ಅವಳು ಇನ್ನೊಂದು ಕಡೆ ಹಾಕಿದ್ದು ಇಷ್ಟೇ. ದೂರಿನ ದನಿಯಲ್ಲೇನೂ ಹೇಳಲಿಲ್ಲ, ಅವಳಿಗೆ ಮುಂಬಯಿಯ ಮೇಲೆ ಯಾವ ದೂರೂ ಇರಲಿಲ್ಲ. ಕೊಂಕಣಿ ಬಾಯಿಯ ಮನೆಯಲ್ಲಿ ಅನ್ನ ಇತ್ತು, ಆಡಲು ಮಕ್ಕಳಿದ್ದರು. ಆದರೆ ಆ ಕಟಕಟೆ ಹಿಡಿದು ಅವಳು ನಿಲ್ಲುತ್ತಿದ್ದದ್ದು ಸಂಜೆಯ ಹೊತ್ತಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ನಾನು ಬೀದಿಯಲ್ಲಿ ಕಾಣಿಸುವ ಮೊದಲು ಎಷ್ಟು ಹೊತ್ತು ನಿಂತಿರುತ್ತಿ ಎಂದು ಒಂದು ದಿನವೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ. ಅವಳ ಕೈ ಹಿಡಿದುಕೊಂಡು ಎದ್ದೆ. ಬರುವ ದಾರಿಯಲ್ಲಿ ಒಂದು ಅಂಗಡಿಯಲ್ಲಿ ಅವಳಿಗೆ ಬತ್ತಾಸು ಕೊಡಿಸಿದೆ. ಅವಳು ಒಂದನ್ನು ತಿಂದು, ಒಂದನ್ನು ನನ್ನ ಬಾಯಿಗೆ ಹಾಕಿ, ಉಳಿದವನ್ನು ಕೆಳಗಿನ ಮನೆಯ ಹುಡುಗಿಯರಿಗೆಂದು ಲಂಗದ ತುದಿಗೆ ಕಟ್ಟಿಕೊಂಡಳು.

ಮನೆಗೆ ಬಂದಾಗ ವೈನಿ ಅವಳ ಬಟ್ಟೆಗಳನ್ನು ಮಡಿಸಿ ಗಂಟು ಕಟ್ಟಿ, ದಾರಿಗೆ ದಶಮಿ ರೊಟ್ಟಿ, ಚಟ್ನಿ ಕಟ್ಟಿ, ಬಾಗಿಲ ಹತ್ತಿರ ಇಟ್ಟಿದ್ದರು. ಕಣ್ಣು ಕೆಂಪಾಗಿದ್ದವು, ಮಾತು ಮಾತ್ರ ಎಂದಿನಂತೆ ಸರಳವಾಗಿತ್ತು. ನಾನು ಆ ಬಟ್ಟೆಗಂಟನ್ನು ಎತ್ತಿ ಒಳಗಿನ ಕೋಣೆಯಲ್ಲಿ, ಅವರ ಟ್ರಂಕಿನ ಮೇಲೆ ಇಟ್ಟು ಬಂದೆ. ಕೂಸಿಗೆ ಬೆಳಿಗ್ಗೆ ಹಾಲು ಸೇರುವುದಿಲ್ಲ, ಗಂಜಿ ಕೊಡಿರಿ ಎಂದೆ. ಅವರು ಗೋಡೆ ಹಿಡಿದುಕೊಂಡು ಕೆಳಗೆ ಕೂತರು. ಅಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟ. ನಾನು ಆ ಕೈಯನ್ನು ತೆಗೆದೆ. ಅವನ ಮೇಲೆ ಸಿಟ್ಟಿರಲಿಲ್ಲ, ಆ ಗಳಿಗೆಯಲ್ಲಿ ಯಾರೂ ಮುಟ್ಟಬಾರದಾಗಿತ್ತು.

ದೀಪಾವಳಿಗೆ ಬರುತ್ತೇನೆಂದು ಮಗಳಿಗೆ ಹೇಳಿದೆ. ಅಪ್ಪ ಇನ್ನೊಂದು ಸಲ ಆಫೀಸಿಗೆ ಹೋಗುತ್ತಾನೆ ಎಂಬಂತೆ ತಲೆ ಆಡಿಸಿದಳು. ಚಹಾ ಬುತ್ತಿ ಮರೆಯಬೇಡ, ನಲ್ಲಿ ಹೋಗುವುದರೊಳಗೆ ಏಳು ಎಂದು ನನಗೇ ಬುದ್ಧಿ ಹೇಳಿದಳು. ಟಾಂಗಾ ಗಲ್ಲಿಯ ತಿರುವು ದಾಟುವ ಮೊದಲೇ ಕೆಳಗಿನ ಮನೆಯ ಹುಡುಗಿಯರು ಒಳಗಿನಿಂದ ಅವಳನ್ನು ಕರೆದರು, ಅವಳು ಓಡಿಬಿಟ್ಟಳು. ವಾಡೆಯ ಬಾಗಿಲಲ್ಲಿ ವೈನಿ ಒಬ್ಬರೇ ನಿಂತಿದ್ದರು. ಮಗಳು ಅಳಲಿಲ್ಲವೆಂದು ನಾನು ಸಂತೋಷಪಡಬೇಕಾಗಿತ್ತು. ಪಡಲಿಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಗಾಡಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೋಗಿಬರುವ ಟಿಕೀಟು ಮುಂಬಯಿಯಲ್ಲೇ ತೆಗೆದಿದ್ದೆ, ನನಗೊಂದು ಪೂರ್ತಿ, ಅವಳಿಗೊಂದು ಅರ್ಧ. ಘಟ್ಟ ಇಳಿದು ಸೆಕೆ ಶುರುವಾದ ಮೇಲೆ ತಪಾಸಣೆಯವನು ಬಂದ. ಕಿಸೆಯಿಂದ ಎರಡನ್ನೂ ಒಟ್ಟಿಗೆ ತೆಗೆದು ಕೊಟ್ಟೆ, ಹಾಗೆ ಕೊಟ್ಟೇ ರೂಢಿ. ಅವನು ನನ್ನನ್ನು ನೋಡಿದ, ಬೆಂಚಿನ ಮೇಲೆ ನೋಡಿದ, ಬಗ್ಗಿ ಬೆಂಚಿನ ಕೆಳಗೂ ನೋಡಿದ. ಮಗು ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ.

ಪುಣೆಯಲ್ಲಿ ಉಳಿದಳು, ಅವರವ್ವನ ಹತ್ತಿರ ಎಂದೆ.

ಹುಡುಕಿ ಹೇಳಿದ ಮಾತಲ್ಲ, ತಾನಾಗಿ ಬಂತು. ಬಂದ ಮೇಲೆ ತಿದ್ದಲಿಲ್ಲ. ಹಿಂದಿನ ಸಂಜೆ ವೈನಿ ಯಾಕೆ ಸುಮ್ಮನೆ ಕೂತಿದ್ದರೆಂದು ನನಗೆ ಆಗ ಚೆನ್ನಾಗಿ ತಿಳಿಯಿತು. ಅವನಿಗೆ ಅದು ತೀರ ಸಾಧಾರಣ ಸಂಗತಿ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಮುಂಬಯಿಗೆ ಕೆಲಸಕ್ಕೆ ಹೋಗುವ ಗಂಡಸರನ್ನು ಅವನು ದಿನವೂ ಎಷ್ಟೋ ನೋಡುತ್ತಿರಬೇಕು. ಹಾಗೇ ಆಗಲಿ, ನಿಮಗೂ ನಾಲ್ಕು ದಿನ ಆರಾಮ ಎಂದು ನಕ್ಕು, ದೊಡ್ಡ ಟಿಕೀಟಿಗೆ ತೂತು ಹೊಡೆದು, ಅರ್ಧದ್ದನ್ನು ಹಾಗೇ ನನ್ನ ಕೈಗೆ ತಿರುಗಿ ಕೊಟ್ಟ.